ಬ್ರಿಟಾನಿಯಾ ಕುಳಿತಿರುವ ಬಗೆ

ಬ್ರಿಟನ್ನಿನ ನಾಣ್ಯಗಳ ಮೇಲಿರುವ ಬ್ರಿಟಾನಿಯಾಳನ್ನು ಸ್ವತಂತ್ರ ರಾಷ್ಟ್ರದ ತಾಯಿಯೆಂದು ಕೊಂಡಾಡುವುದು ರೂಢಿಯಾಗಿಬಿಟ್ಟಿದೆ. ಆ ಪ್ರತಿಮೆ ಇಷ್ಟು ಹೊಗಳಿಕೆಗೆ ಅರ್ಹವಲ್ಲ. ಆಕೆಯನ್ನು ಮೊದಲು ನಾಣ್ಯಕ್ಕೆ ತಂದವರು ಆ ದ್ವೀಪವನ್ನು ಗೆದ್ದ ರೋಮನ್ನರು. ಕ್ರಿ.ಶ. 119ರ ಸುಮಾರಿಗೆ ಹೇಡ್ರಿಯನ್ ಚಕ್ರವರ್ತಿ ಹೊರಡಿಸಿದ ನಾಣ್ಯದಲ್ಲಿ ಆಕೆ ಈಟಿ ಹಿಡಿದು, ಗುರಾಣಿಯ ಪಕ್ಕ, ತಲೆಗೆ ಕೈಯಾನಿಸಿ ಕುಳಿತಿದ್ದಾಳೆ. ಇದು ಸೋತವಳ ದುಃಖವಲ್ಲ, ಗಡಿ ಕಾಯುವವಳ ಎಚ್ಚರ ಎಂದು ಕೆಲವು ವಿದ್ವಾಂಸರು ವಾದಿಸುತ್ತಾರೆ. ಅವರ ಮಾತಿನಲ್ಲಿ ಹುರುಳಿಲ್ಲವೆನ್ನಲಾರೆ: ಜುಡೇಯವನ್ನು ಗೆದ್ದ ವೆಸ್ಪೇಷಿಯನ್ನನ ನಾಣ್ಯಗಳಲ್ಲಿ ಖರ್ಜೂರದ ಮರದಡಿ ಶೋಕಿಸುತ್ತ ಕುಳಿತವಳ ಕೈ ಬರಿದು, ಇವಳ ಕೈಯಲ್ಲಿ ಆಯುಧವಿದೆ. ಆದರೆ ಕಾಯುತ್ತಿರುವುದು ಯಾರ ಗಡಿಯನ್ನು? ನಾಣ್ಯ ತಿರುಗಿಸಿದರೆ ಹೇಡ್ರಿಯನ್ನನ ತಲೆ ಕಾಣುತ್ತದೆ. ಮುಂದೆ 154–55ರ ಆಂಟೊನೈನಸ್ ಪಯಸ್‌ನ ನಾಣ್ಯದಲ್ಲಿ ಆಕೆ ತಲೆ ತಗ್ಗಿಸಿ ಕುಳಿತಿರುವುದನ್ನು ನೋಡಿದ ಮೇಲೆ ಎಚ್ಚರದ ವಾದವನ್ನು ಬಹಳ ದೂರ ಎಳೆಯಲಾಗದು.

ಎರಡನೆಯ ಚಾರ್ಲ್ಸ್ 1672ರಲ್ಲಿ ತಾಮ್ರದ ಹಾಫ್‌ಪೆನಿ, ಫಾರ್ದಿಂಗ್‌ಗಳ ಮೇಲೆ ಆಕೆಯನ್ನು ಮರಳಿ ತಂದಾಗ ಸೋತವಳೇ ಒಡತಿಯಾದಳೆಂದು ಬರೆಯುವವರಿದ್ದಾರೆ. ಇನ್ನು ಕೆಲವರಿಗೆ ಆ ಮುಖ ಚಾರ್ಲ್ಸ್‌ನ ಆಸ್ಥಾನದ ಸುಂದರಿ ಫ್ರಾನ್ಸಿಸ್ ಸ್ಟುವರ್ಟಳದೇ ಎಂಬುದೇ ದೊಡ್ಡ ಪ್ರಶ್ನೆ. ಆಸ್ಥಾನದ ಗಾಳಿಮಾತಿಗೆ ಸುರಿದ ಶಾಯಿಯಲ್ಲಿ ಕಾಲುಭಾಗವನ್ನೂ ಅವರು ಆಕೆಯ ಭಂಗಿಗೆ ಮೀಸಲಿಟ್ಟಿಲ್ಲ. ಭಂಗಿಯನ್ನೇ ನೋಡಿ. ತಲೆ ಎತ್ತಿದೆ, ಬಲಗೈಗೆ ಆಲಿವ್ ಕೊಂಬೆ ಬಂದಿದೆ; ಒಪ್ಪೋಣ. ಆದರೆ ಕುಳಿತಿರುವುದು, ಈಟಿ, ಗುರಾಣಿ, ನಿಲುವಂಗಿ ಎಲ್ಲವೂ ರೋಮಿನ ಅಚ್ಚಿನವೇ. ಮುಮ್ಮುಖದಲ್ಲಿ ಚಾರ್ಲ್ಸ್ ಕೂಡ ಸೀಸರನಂತೆ ಲಾರೆಲ್ ಮಾಲೆ ಮುಡಿದು, ಕವಚ ತೊಟ್ಟಿದ್ದಾನೆ. ಒಡೆಯ ಬದಲಾದ, ಒಡೆಯನ ತಲೆಯ ಹಿಂಬದಿಯಲ್ಲಿ ಅವನ ನೆಲವಾಗಿ ಕೂರುವ ಆಕೆಯ ಕೆಲಸ ಬದಲಾಗಲಿಲ್ಲ.

1797ರಲ್ಲಿ ಮ್ಯಾಥ್ಯೂ ಬೌಲ್ಟನ್‌ನ ಯಂತ್ರಗಳಲ್ಲಿ ಅಚ್ಚಾದ ಭಾರದ ಪೆನಿಯಲ್ಲಿ ಈಟಿಯ ಜಾಗಕ್ಕೆ ತ್ರಿಶೂಲ ಬಂತು, ಆಕೆ ಕಡಲಿನ ಒಡತಿಯಾದಳು ಎಂಬ ಆಕ್ಷೇಪ ಬರಬಹುದು. ತ್ರಿಶೂಲ ನೌಕಾಪಡೆಯದು, ಆ ಪಡೆಯಲ್ಲೂ ಸಂಸತ್ತಿನಲ್ಲೂ ಅಂದು ಹೆಣ್ಣಿಗೆ ಸ್ಥಾನವಿರಲಿಲ್ಲ. ಸಂಗ್ರಾಹಕರು ಮೆಚ್ಚುವ 1902ರ ಫ್ಲೋರಿನ್‌ನಲ್ಲಿ ಆಕೆ ಎದ್ದು ನಿಂತಾಗಲೂ ಆ ದೇಶದ ಹೆಂಗಸರು ಸಂಸತ್ತಿನ ಚುನಾವಣೆಯಲ್ಲಿ ಮತ ಹಾಕುವಂತಿರಲಿಲ್ಲ. 2008ರಲ್ಲಿ ಚಲಾವಣೆಯ ನಾಣ್ಯಗಳ ಹೊಸ ವಿನ್ಯಾಸದಿಂದ ಆಕೆಯನ್ನು ಕೈಬಿಟ್ಟಾಗ ಜನ ಪ್ರತಿಭಟಿಸಿದರಲ್ಲ ಎಂದರೆ, ಆ ಒಲವು ನಿಜವೇ; ಆದರೆ ಬಳಕೆಯಿಂದ ಹುಟ್ಟಿದ ಒಲವು ಪ್ರತಿಮೆಯ ಅರ್ಥಕ್ಕೆ ಸಾಕ್ಷಿಯಾಗದು. ಸಾಕ್ಷಿ ಬೇಕಾದವರು 1895ರಿಂದ ಹಾಂಕಾಂಗ್, ಮಲಯ ಕಡೆಯ ವ್ಯಾಪಾರಕ್ಕೆಂದು ಅಚ್ಚಾದ ಬೆಳ್ಳಿಯ ಡಾಲರನ್ನು ನೋಡಬೇಕು. ಅಲ್ಲಿ ಬ್ರಿಟಾನಿಯಾ ನಿಂತಿದ್ದಾಳೆ, ಹಿಂದೆ ಹಡಗಿದೆ. ತ್ರಿಶೂಲದ ನಡುಮೊನೆಯಲ್ಲಿರುವ ಪುಟ್ಟ ‘ಬಿ’ ಅಕ್ಷರ ಬೊಂಬಾಯಿ ಟಂಕಸಾಲೆಯ ಗುರುತು.