ವೆಂಕಟಗಿರಿಯಪ್ಪನವರ ನಗ್ಮಾಗಳೂ ವೃಂದಲಕ್ಷಣವೂ

ವೈಣಿಕ ವೆಂಕಟಗಿರಿಯಪ್ಪನವರನ್ನು (1887–1952) ಕುರಿತು ಬರೆಯುವವರು ಅವರ ವೀಣಾವಾದನವನ್ನು ಕೊಂಡಾಡಿ, ಅವರು ನಡೆಸಿದ ವಾದ್ಯವೃಂದವನ್ನು ಒಂದೇ ವಾಕ್ಯದಲ್ಲಿ ಮುಗಿಸುವುದುಂಟು. ಇದು ಯುಕ್ತವಲ್ಲ. ಹೆಗ್ಗಡದೇವನಕೋಟೆಯಲ್ಲಿ ಜನಿಸಿದ ಇವರು ವೀಣೆ ಶೇಷಣ್ಣನವರ ಶಿಷ್ಯರು. ನಾಲ್ವಡಿ ಕೃಷ್ಣರಾಜ ಒಡೆಯರ ಇಚ್ಛೆಯಂತೆ ಪಾಶ್ಚಾತ್ಯ ಸಂಗೀತವನ್ನೂ ಅಭ್ಯಸಿಸಿ, ಮೈಸೂರರಮನೆಯ ಕರ್ಣಾಟಕ ವಾದ್ಯವೃಂದಕ್ಕೆ ನಾಯಕರಾದರು. ಅಮೆರಿಕಾ ದೇಶದಲ್ಲಿ ಡ್ಯೂಕ್ ಎಲಿಂಗ್ಟನ್ (1899–1974) ತನ್ನ ಮೇಳಕ್ಕಾಗಿ ಸ್ವಂತ ಕೃತಿಗಳನ್ನು ರಚಿಸುತ್ತಿದ್ದುದೂ ಆ ಕಾಲದಲ್ಲಿಯೇ.

ವೆಂಕಟಗಿರಿಯಪ್ಪನವರ ನೂತನ ಸೃಷ್ಟಿಯೆಂದರೆ ನಗ್ಮಾ. ಪಾರಸೀಕದಿಂದ ಉರ್ದುವಿಗೆ ಬಂದ ಈ ಶಬ್ದಕ್ಕೆ ಇಂಪಾದ ಸ್ವರವೆಂದೇ ಅರ್ಥವು. ಹೆಸರು ಹೊರಗಿನದೆಂದು ಪಂಡಿತರು ಮೂಗು ಮುರಿಯಬೇಕಾದುದಿಲ್ಲ. ಇದರಲ್ಲಿ ಸಾಹಿತ್ಯವಿಲ್ಲ. ದಾವಣಗೆರೆ ಹರಿಹರಗಳ ಸೀಮೆಯಲ್ಲಿ ನಾಟಕಕಂಪನಿಗಳ ಪದಗಳನ್ನು ಕೇಳಿ ಬೆಳೆದ ಶ್ರೋತೃವಿಗೆ, ನಟನ ಕಂಠವನ್ನು ಹಿಂಬಾಲಿಸದ ಹಾರ್ಮೋನಿಯಂ ಒಂದು ಕೊರತೆಯಾಗಿಯೇ ತೋರೀತು. ಆದರೆ ಶಾರ್ಙ್ಗದೇವನು ಸಂಗೀತರತ್ನಾಕರದಲ್ಲಿ ವಾದ್ಯವನ್ನು ಶುಷ್ಕ, ಗೀತಾನುಗ, ನೃತ್ತಾನುಗ, ದ್ವಯಾನುಗ ಎಂದು ನಾಲ್ಕಾಗಿ ವಿಭಾಗಿಸಿರುವನು. ಗೀತನೃತ್ತಗಳ ಹಂಗಿಲ್ಲದೆ ನುಡಿಯುವುದೇ ಶುಷ್ಕವು. ಇಲ್ಲಿ ಶುಷ್ಕವೆಂಬುದು ನಿಂದೆಯಲ್ಲ. ನಗ್ಮಾ ಈ ವರ್ಗಕ್ಕೆ ಸಲ್ಲುವುದು.

ವೃಂದದ ಗುಣಗಳನ್ನೂ ಅದೇ ಗ್ರಂಥವು ಹೇಳುವುದು. ಅವುಗಳಲ್ಲಿ ಮುಖ್ಯಾನುವೃತ್ತಿ, ಎಂದರೆ ನಾಯಕನನ್ನು ಅನುಸರಿಸುವುದು, ಶಿಸ್ತಿನಿಂದ ಸಿದ್ಧಿಸುವುದು. ಮಿಲನವು ಹಾಗಲ್ಲ. ವೀಣೆಯಲ್ಲಿ ತಂತಿಯನ್ನು ಎಳೆದು ಹುಟ್ಟಿಸುವ ಗಮಕವು ಪಿಯಾನೋವಿನ ನಿಂತ ಸ್ವರದೊಡನೆ ಬೆರೆಯದು. ಹಲವರು ಒಟ್ಟಿಗೆ ಗಮಕವಿಡುವಾಗ ಒಬ್ಬನ ಕಂಪನವು ಇನ್ನೊಬ್ಬನದನ್ನು ಕದಡುವುದು. ಆದಕಾರಣ ಮೊದಲೇ ನಿಶ್ಚಿತವಾದ, ಲಯವು ಸ್ಫುಟವಾದ ರಚನೆಯೇ ವೃಂದಕ್ಕೆ ತಕ್ಕುದು. ಇದರಿಂದ ಮನೋಧರ್ಮಕ್ಕೆ ಹಾನಿಯಿಲ್ಲವೇ? ಉಂಟು. ಎಲಿಂಗ್ಟನ್ ಒಬ್ಬೊಬ್ಬ ವಾದಕನ ಸ್ವಭಾವವನ್ನರಿತು ಬರೆದು, ನಡುನಡುವೆ ಅವನ ಸ್ವತಂತ್ರ ಕಲ್ಪನೆಗೂ ಎಡೆಗೊಟ್ಟನು. ನಮ್ಮ ವೃಂದವಾದನದಲ್ಲಿ ಈ ಎಡೆಯು ತೀರ ಕಿರಿದು. ಮನೋಧರ್ಮವೆಲ್ಲವೂ ಏಕವೀಣೆಗೇ ಮೀಸಲಾಯಿತು. ಒಬ್ಬನು ಎಡವಿದಲ್ಲಿ ಇನ್ನೊಬ್ಬನು ಅದನ್ನು ಮುಚ್ಚಿ ನಡೆಸಬೇಕೆಂಬ ಗುಣವನ್ನೂ ಶಾರ್ಙ್ಗದೇವನು ಎಣಿಸಿರುವನಷ್ಟೆ. ಆ ಚಾತುರ್ಯವಿದ್ದವರಿಗೆ ಸ್ವಾತಂತ್ರ್ಯ ಕೊಡಲು ಭಯವೇಕೆ?

ಅವರ ಶಿಷ್ಯ ದೊರೆಸ್ವಾಮಿ ಅಯ್ಯಂಗಾರ್ಯರು (1920–1997) ಬೆಂಗಳೂರು ಆಕಾಶವಾಣಿಯಲ್ಲಿದ್ದು, ಪು. ತಿ. ನ. ಅವರ ‘ಗೋಕುಲ ನಿರ್ಗಮನ’ಕ್ಕೆ ಸಂಗೀತವನ್ನು ಸಂಯೋಜಿಸಿದರು. ಅಲ್ಲಿ ವೃಂದವು ಪುನಃ ಗೀತಾನುಗವಾಯಿತು.