ಗಾಳಿ ತಿಳಿಯಾಯಿತು, ನೀರು?

ಸರಕು ಸಾಗಣೆಯ ವ್ಯವಸ್ಥೆಯನ್ನು ರೂಪಿಸುವಾಗ ವೆಚ್ಚವನ್ನೂ ಪರಿಸರವನ್ನೂ ಒಟ್ಟಿಗೆ ತೂಗಬೇಕೆಂಬ ಮಾತು ಎಲ್ಲೆಡೆ ಕೇಳಿಬರುತ್ತಿದೆ. ಆದರೆ ತೂಗುವ ಕ್ರಮ ಯಾವುದೆಂಬುದು ವಿಚಾರಾರ್ಹ.

ಅಂತರರಾಷ್ಟ್ರೀಯ ಕಡಲಯಾನ ಸಂಸ್ಥೆಯು 2020ರ ಜನವರಿ 1ರಿಂದ ಹಡಗುಗಳ ಇಂಧನದಲ್ಲಿನ ಗಂಧಕದ ಮಿತಿಯನ್ನು ಶೇಕಡಾ 3.5ರಿಂದ 0.5ಕ್ಕೆ ಇಳಿಸಿತು. ಗಾಳಿಗೆ ಹಿತವಾದ ಈ ನಿಯಮ ಶ್ಲಾಘನೀಯವೇ. ಆದರೆ ಹೊಗೆಯನ್ನು ತೊಳೆಯುವ ಸ್ಕ್ರಬ್ಬರ್ ಯಂತ್ರವಿದ್ದ ಹಡಗು ಅಗ್ಗದ, ಗಂಧಕ ಹೆಚ್ಚಿರುವ ತೈಲವನ್ನೇ ಉರಿಸಬಹುದೆಂಬ ಅವಕಾಶವೂ ಅದರಲ್ಲಿದೆ. ತೆರೆದ ಮಾದರಿಯ ಯಂತ್ರವು ಕಡಲ ನೀರಿನಿಂದ ಹೊಗೆಯನ್ನು ತೊಳೆದು, ಆಮ್ಲವೂ ಭಾರಲೋಹಗಳೂ ಬೆರೆತ ಆ ನೀರನ್ನು ಮರಳಿ ಕಡಲಿಗೇ ಬಿಡುತ್ತದೆ. ಗಾಳಿಯ ಲೆಕ್ಕದಿಂದ ಕಳೆದ ದೋಷವನ್ನು ಜಲಚರಗಳ ಲೆಕ್ಕಕ್ಕೆ ಬರೆದಂತಾಯಿತು. ಸಿಂಗಪುರವು ಅದೇ ದಿನದಿಂದ ತನ್ನ ಬಂದರಿನ ನೀರಿನಲ್ಲಿ ಈ ವಿಸರ್ಜನೆಯನ್ನು ನಿಷೇಧಿಸಿದುದು ಅರ್ಥಪೂರ್ಣ.

ಇದಕ್ಕಿಂತ ಸರಳವಾದ ದಾರಿಯೊಂದಿದೆ. ಹಡಗಿನ ವೇಗವನ್ನು ಶೇಕಡಾ 10ರಷ್ಟು ತಗ್ಗಿಸಿದರೆ ಒಂದು ಪ್ರಯಾಣದ ಇಂಧನದಲ್ಲಿ ಸುಮಾರು ಐದರಲ್ಲೊಂದು ಪಾಲು ಉಳಿಯುತ್ತದೆ. ತೈಲದ ಖರ್ಚೂ ಹೊಗೆಯೂ ಒಟ್ಟಿಗೆ ಇಳಿಯುತ್ತವೆ. ಸರಕು ದಾರಿಯಲ್ಲಿ ಹೆಚ್ಚು ದಿನ ಉಳಿಯುವುದರಿಂದ ವರ್ತಕನು ದಾಸ್ತಾನನ್ನು ಮೊದಲೇ ಯೋಜಿಸಬೇಕು, ಕೊಳ್ಳುವವನು ತಾಳ್ಮೆ ತಾಳಬೇಕು. ಈ ಸಂಯಮವಿಲ್ಲದೆ ಯಾವ ಯಂತ್ರವೂ ಲೆಕ್ಕವನ್ನು ಸರಿದೂಗಿಸಲಾರದು.