‘ಚೊಚ್ಚಲ’ ಶಬ್ದದ ಪ್ರಯೋಗವಿಚಾರ

ಮೊದಲನೆಯ ಭಾಷಣ, ಮೊದಲನೆಯ ನೌಕಾಯಾನ ಮುಂತಾದುವಕ್ಕೆ ‘ಮೇಡನ್’ ಎಂಬ ವಿಶೇಷಣವನ್ನು ಹಚ್ಚುವ ರೂಢಿ ಇಂಗ್ಲಿಷಿನಲ್ಲುಂಟು. ನಮ್ಮ ವೃತ್ತಪತ್ರಿಕೆಗಳು ಇದಕ್ಕೆ ಪ್ರತಿಯಾಗಿ ‘ಚೊಚ್ಚಲ’ ಎಂದು ಬರೆಯುತ್ತಿವೆ. ಇವೆರಡನ್ನೂ ಸಮಾನಾರ್ಥಕಗಳೆಂದೆಣಿಸುವುದು ಯುಕ್ತವಲ್ಲ. ಮೇಡನ್ ಎಂದರೆ ಕನ್ಯೆ. ಚೊಚ್ಚಲೆಂದರೆ ಮೊದಲ ಬಸಿರು, ಮೊದಲ ಹೆರಿಗೆ. ಅಲ್ಲಿಯ ಲಕ್ಷಣೆಗೆ ಅಸ್ಪೃಷ್ಟತೆಯೂ ಇಲ್ಲಿಯದಕ್ಕೆ ಫಲಪ್ರಾಪ್ತಿಯೂ ಆಧಾರ. ಆದುದರಿಂದಲೇ ಒಂದು ಓಟವನ್ನೂ ಕೊಡದ ಓವರು ಕ್ರಿಕೆಟ್ಟಿನಲ್ಲಿ ‘ಮೇಡನ್’ ಆಯಿತು; ಅದನ್ನು ಚೊಚ್ಚಲವೆಂದರೆ ಕನ್ನಡಿಗರು ನಕ್ಕಾರು.

ಬೆಂಗಳೂರು ದಂಡಿನ ಅಂಚಿನಲ್ಲಿರುವ ಚಿನ್ನಸ್ವಾಮಿ ಕ್ರೀಡಾಂಗಣದ ಮೊದಲ ಟೆಸ್ಟ್ ಪಂದ್ಯವು ಇದಕ್ಕೆ ತಕ್ಕ ನಿದರ್ಶನ. 1974ರ ನವೆಂಬರಿನಲ್ಲಿ ನಡೆದ ಆ ಪಂದ್ಯವೇ ವೆಸ್ಟ್ ಇಂಡೀಸಿನ ಗ್ರೀನಿಜ್, ರಿಚರ್ಡ್ಸ್ ಇಬ್ಬರಿಗೂ ಮೊದಲ ಟೆಸ್ಟು. ಗ್ರೀನಿಜರು 93 ಓಟಗಳಿಗೆ ಔಟಾಗಿ, ಎರಡನೆಯ ಸರದಿಯಲ್ಲಿ 107 ಗಳಿಸಿದರು. ರಿಚರ್ಡ್ಸರು 4 ಮತ್ತು 3ಕ್ಕೆ ಔಟಾದರು. ಅವರ ಮೊದಲ ಶತಕವು ಮುಂದಿನ ಟೆಸ್ಟಿನಲ್ಲಿ, ದೆಹಲಿಯಲ್ಲಿ, ಔಟಾಗದ 192 ಆಗಿ ಬಂದಿತು. ಗ್ರೀನಿಜರ 107 ನಿಜವಾಗಿ ಚೊಚ್ಚಲ ಶತಕ. ರಿಚರ್ಡ್ಸರಿಗಾದರೋ ಬೆಂಗಳೂರಿನದು ಮೊದಲ ಪಂದ್ಯವಷ್ಟೆ, ಚೊಚ್ಚಲು ದೆಹಲಿಯದು.

ಕ್ರೀಡಾಂಗಣಕ್ಕೆ ಅನತಿದೂರದಲ್ಲಿ, ಶಿವಾಜಿನಗರದ ಘೋಷಾ ಆಸ್ಪತ್ರೆಯಂತಹ ಹೆರಿಗೆಯ ಮನೆಗಳಲ್ಲಿ, ‘ಮಗಳಿಗೆ ಇದು ಚೊಚ್ಚಲು’ ಎನ್ನುವ ತಾಯಿಯ ಮಾತಿನಲ್ಲಿ ಅಂಜಿಕೆಯೂ ಆಸೆಯೂ ಕೂಡಿರುತ್ತವೆ. ಬರಿಯ ಕ್ರಮಸಂಖ್ಯೆಗೆ ಈ ಶಬ್ದವನ್ನು ಸವೆಯಿಸಿದರೆ ಆ ಭಾವವು ಬಡವಾಗುವುದು. ಕ್ರಮಕ್ಕೆ ‘ಮೊದಲ’ ಎಂಬುದು ಸಾಕು. ನೋವುಂಡು ಪಡೆದುದಕ್ಕೆ ‘ಚೊಚ್ಚಲ’ ಮೀಸಲಾಗಿರಲಿ.